ಕರೆಯುವ ಕೆಲಸ

ಈ ಊರಲ್ಲಿ ನನ್ನಷ್ಟು ಚೆಂದಾಗಿ ಕರೆಯುವವರು ಇನ್ನೊಬ್ಬರಿಲ್ಲ. ಜಂಬ ಅನ್ನುವವರು ಅನ್ನಲಿ. ಜಂಬವೇ. ಬೇರೆಯವರು ಮೈಮೇಲಿನ ಬಂಗಾರ ತೋರಿಸಿಕೊಂಡು ತಿರುಗುತ್ತಾರೆ, ಈ ಕಲ್ಲವ್ವನ ಹತ್ತಿರ ಇರುವುದು ಒಂದು ಗಂಟಲು, ನಾನು ಅದನ್ನು ತೋರಿಸಿಕೊಳ್ಳುತ್ತೇನೆ. ನಮ್ಮೂರಲ್ಲಿ ಯಾವ ಮನೆಗೂ ಬೀಗವಿಲ್ಲ, ಬೀಗ ಮಾರುವ ಅಂಗಡಿಯೂ ಇಲ್ಲ. ಒಳಗಿರುವವರು ‘ಬಾ’ ಅಂದರೆ ಹೊರಗಿರುವವರ ಕಾಲು ಹೊಸ್ತಿಲು ದಾಟುತ್ತದೆ. ಅನ್ನದಿದ್ದರೆ ಕಾಲು ಮೇಲಕ್ಕೇ ಏಳುವುದಿಲ್ಲ. ಮನೆ ಕಟ್ಟಿಸಿದ ಯಜಮಾನನಾದರೂ ಅಷ್ಟೇ, ಕದಿಯಲು ಬಂದವನಾದರೂ ಅಷ್ಟೇ.

ಅದೂ ಬರೀ ಬಾಯಿಮಾತಿಗೆ ಕರೆದರೆ ಆಗದು, ಮನಸ್ಸಿನಲ್ಲಿ ಇರಬೇಕು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಮುದುಕಪ್ಪನಿಗೆ ಸಂತೆಯಿಂದ ಬದನೆಕಾಯಿ ತಾ ಅಂದರೆ ಎತ್ತಲಾರದಷ್ಟು ದೊಡ್ಡ ಕುಂಬಳಕಾಯಿ ಹೊತ್ತು ತಂದ. ನಾನು ಒಳಗಿನಿಂದ ಹಲ್ಲು ಕಚ್ಚಿಕೊಂಡು ಬಾ, ಬಾ, ಬಾ ಅಂದೆ. ಅವನ ಕಾಲು ಏಳಲೇ ಇಲ್ಲ. ಕುಂಬಳಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕಟ್ಟೆಯ ಮೇಲೆ ಕೂತ. ಹೋಗಿಬರುವವರೆಲ್ಲ, “ಏನಪಾ ಮುದುಕಪ್ಪ, ಇನ್ನೂ ಇಳದಿಲ್ಲೇನ ಸಿಟ್ಟು?” ಎಂದು ಕೇಳಿ ನಕ್ಕರು. ಕೊನೆಗೆ ಆ ಪೆಚ್ಚು ಮುಖ ನೋಡಿ ನನಗೂ ನಗು ಬಂತು. ಆಗ ಕರೆದೆ, ಬಂದ.

ಮನೆಯಲ್ಲಿ ಒಬ್ಬರೂ ಉಳಿಯದಿದ್ದರೆ ಆ ಮನೆ ಮುನಿಯುತ್ತದೆ. ಕರೆಯುವವರೇ ಇಲ್ಲದ ಮೇಲೆ ಒಳಗೆ ಹೋಗುವವರು ಯಾರು? ಪೇಟೆ ಓಣಿಯ ತಿರುವಿನಲ್ಲಿ ಒಂದು ಮುನಿದ ಮನೆ ಇದೆ. ಕಿಟಕಿಯಿಂದ ಇಣುಕಿದರೆ ಒಲೆಯ ಮೇಲೆ ಹಾಲಿನ ಪಾತ್ರೆ, ಹಗ್ಗದ ಮೇಲೆ ಒಣಹಾಕಿದ ಸೀರೆ ಎಲ್ಲ ಹಾಗೆಯೇ ಕಾಣುತ್ತವೆ. ಅದಕ್ಕೇ ನಮ್ಮಲ್ಲಿ ಇಡೀ ಮನೆಮಂದಿ ಒಂದೇ ಮದುವೆಯಲ್ಲಿ ಊಟಕ್ಕೆ ಕೂತದ್ದನ್ನು ಯಾರೂ ಕಂಡಿಲ್ಲ. ಜಗಳವಾಡಿ ತವರಿಗೆ ಹೊರಟ ಹೆಂಡತಿ ಕೂಡ ಗಂಟು ಕಟ್ಟಿಕೊಂಡು, ಗಂಡ ಮನೆಗೆ ಬರುವವರೆಗೆ ಕಾದು, ಅವನನ್ನು ಒಳಗೆ ಕರೆದು, ಆಮೇಲೆ ಬೈದು ಹೋಗುತ್ತಾಳೆ. ಬೇರೆ ಊರಿಗೆ ಮದುವೆಯಾಗಿ ಹೋದ ನನ್ನ ಮಗಳು, ತಮ್ಮಲ್ಲಿ ಬಾಗಿಲು ಕೀಲಿಕೈಯಿಂದ ತೆರೆಯುತ್ತದೆ ಎಂದು ಹೇಳಿದಾಗ ನನಗೆ ಕೆಡುಕೆನಿಸಿತು. ಪಾಪ, ಕರೆಸಿಕೊಳ್ಳದೆ ಮನೆಗೆ ಹೋಗುವುದು ಹೇಗೆ ಎಂದುಕೊಂಡೆ.

ಒಂಟಿಯಾಗಿರುವವರು ಏನು ಮಾಡಬೇಕು? ಅವರಿಗೆ ನಾನಿದ್ದೇನೆ. ಅವರು ದುಡಿಯಲು ಹೋದಾಗ ಮನೆಯಲ್ಲಿ ಕೂತು, ಸಂಜೆ ಬಂದಾಗ ಕರೆಯುವುದು ನನ್ನ ಕೆಲಸ. ಹತ್ತು ಹನ್ನೆರಡು ವರ್ಷದಿಂದ ಕಸ್ತೂರಕ್ಕನ ಮನೆಯಲ್ಲಿ ಕೂರುತ್ತಿದ್ದೆ. ಆಕೆ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸು ಕೂಗುವವಳು. ಯಾವ ಬಸ್ಸು ಎಲ್ಲಿಗೆ, ಎಲ್ಲಿ ನಿಂತಿದೆ, ಎಷ್ಟು ತಡ ಎಂದು ಆಕೆ ಹೇಳಿದರೆ ಊರ ಈ ತುದಿಗೂ ಕೇಳುತ್ತಿತ್ತು. ಮದುವೆಯಾಗಲಿಲ್ಲ, ತಾಯಿ ತೀರಿಕೊಂಡ ಮೇಲೆ ಒಬ್ಬಳೇ. ಜಾಣೆ, ಅಚ್ಚುಕಟ್ಟಿನ ಹೆಂಗಸು. ಮುಂಜಾನೆ ಆಕೆ ನನ್ನನ್ನು ಒಳಗೆ ಕರೆದು ತಾನು ಹೊರಡುತ್ತಿದ್ದಳು. ಸಂಜೆ ನಾನು, “ಬರ್ರಿ ಅಕ್ಕಾರ, ಕಾಲ ಒರಿಸ್ಕೊಂಡ ಬರ್ರಿ, ಈಗ ಸಾರಿಸೀನಿ” ಎಂದು ಕರೆಯುತ್ತಿದ್ದೆ. ಒಂದು ಸಂಜೆಯೂ ಆಕೆಯ ಕಾಲು ಹೊಸ್ತಿಲಲ್ಲಿ ತಡೆದದ್ದಿಲ್ಲ.

ಊರ ಹೊರಗೆ ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮು ಇದೆ. ಅಲ್ಲಿನ ಮುದಿ ಕಾವಲುಗಾರನಿಂದ ಕರೆಸಿಕೊಂಡು ಒಂದು ಬೇಸಿಗೆ ಅಣ್ಣಾರು ಎಂಬ ಮನುಷ್ಯ ಒಳಗೆ ಸೇರಿಕೊಂಡ. ಹಿಂದೆ ಸೋಡಾ ಮಾರುತ್ತಿದ್ದನಂತೆ. ಗಡ್ಡವಿಲ್ಲ, ಕಾವಿಯಿಲ್ಲ, ಬೂದಿ ಉದುರಿಸುವುದಿಲ್ಲ. ಇಸ್ತ್ರಿ ಹಾಕಿದ ಅಂಗಿ, ಮೆತ್ತಗಿನ ಮಾತು. ಆ ಗೋದಾಮಿನ ಬಾಗಿಲಿಗೆ ಯಾರು ಹೋಗಿ ನಿಂತರೂ ಒಳಗಿದ್ದವರೆಲ್ಲ ಒಟ್ಟಿಗೆ ‘ಬಾ’ ಅನ್ನುತ್ತಿದ್ದರು. ಯಾರು, ಯಾಕೆ ಬಂದೆ, ಇಷ್ಟೊತ್ತು ಎಲ್ಲಿದ್ದೆ, ಯಾವುದೂ ಇಲ್ಲ. ಕಾಲು ತಾನಾಗಿ ಏಳುತ್ತಿತ್ತು. ಒಳಗೆ ಹೋದವರು ಅಲ್ಲೇ ಉಳಿಯುತ್ತಿದ್ದರು. ಅವರದು ಒಂದೇ ಕಟ್ಟು: ಒಬ್ಬರಿಗೆ ಒಂದೇ ಹೊಸ್ತಿಲು. ಸೇರಿದವರು ತಮ್ಮ ಮನೆಯನ್ನು ಖಾಲಿ ಮಾಡಿ ಮುನಿಯಲು ಬಿಡಬೇಕು. ಹಾಗೆ ಮಾಡಿದ ಮೇಲೆ ತಿರುಗಿ ಹೋಗುವುದೆಲ್ಲಿಗೆ?

ಊರಿಗೆ ಊರೇ ಅದನ್ನು ನೋಡಲು ಹೋಗತೊಡಗಿತು. ಎದುರಿನ ಬೇವಿನ ಮರದ ಕೆಳಗೆ ಗಿರ್ಮಿಟ್ಟು ಮಿರ್ಚಿಯ ಗಾಡಿ ಬಂತು. ಸಂಜೆ ಜನ ಅಲ್ಲಿ ನಿಂತು ತಿನ್ನುತ್ತಾ, ಇವತ್ತು ಯಾರು ಒಳಗೆ ಹೋಗುತ್ತಾರೆ ಎಂದು ನೋಡುತ್ತಿದ್ದರು. “ಏನೋ ಮದ್ದು ಹಾಕ್ತಾರ” ಎಂದರು ಕೆಲವರು. “ತಲಿ ಇಲ್ಲದಾವ್ರು ಹೋಗೂದು, ನಮ್ಮಂಥಾವ್ರು ಹೊಕ್ಕೀವೇನು?” ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಔಷಧ ಅಂಗಡಿಯ ಗದಿಗೆಪ್ಪ. ಊರಿಗೆಲ್ಲ ಗುಳಿಗೆ ಕೊಡುವ ಬುದ್ಧಿವಂತ. ಮುಂದಿನ ವಾರ ಹೆಂಡತಿಯ ಕೈ ಹಿಡಿದುಕೊಂಡು ಅದೇ ಬಾಗಿಲಲ್ಲಿ ನಿಂತಿದ್ದ. ನಾನೂ ಒಂದು ಸಲ ಹೋಗಿ ಮರದ ಕೆಳಗೆ ನಿಂತು ಆ ಕರೆ ಕೇಳಿದೆ. ಕಸಬಿನವಳು ನಾನು, ಕೇಳಬೇಕಲ್ಲ. ಲೆಕ್ಕ ತಪ್ಪದ ಸಿಹಿ ಹಾಕಿದ ಪಾಯಸದಂತಿತ್ತು. ನನಗೆ ಹೊಟ್ಟೆಕಿಚ್ಚಾಯಿತು.

ಒಂದು ಸಂಜೆ ಕಸ್ತೂರಕ್ಕ ಕೆಲಸದಿಂದ ಬರಲಿಲ್ಲ. ಕತ್ತಲಾದರೂ ಬರಲಿಲ್ಲ. ಮುಂಜಾನೆ ಗದಿಗೆಪ್ಪ ಬಂದು ಕಟ್ಟೆಯ ಕೆಳಗೆ ನಿಂತ. “ಕಲ್ಲವ್ವ, ಕಸ್ತೂರಕ್ಕ ನಮ್ಮ ಕೂಡ ಅದಾರ. ನೀ ಇನ್ನ ಹೊರಗ ಬಂದ ಬಿಡು. ಮನಿ ಮುನೀಲಿ ಅಂತ ಹೇಳಿ ಕಳಿಸ್ಯಾರ” ಎಂದ. ನಾನು ಸೊಂಟದ ಮೇಲೆ ಕೈಯಿಟ್ಟು, “ಗದಿಗೆಪ್ಪ, ನನ್ನನ್ನ ಕುಂದ್ರಿಸಿ ಹೋದಾವ್ರು ಅವ್ರು. ಎಬ್ಬಿಸಾವ್ರೂ ಅವ್ರ ಆಗಬೇಕು. ನಿನ್ನ ಅಂಗಡೀಗೆ ಚೀಟಿ ತಂದ್ರ ಗುಳಿಗಿ ಸಿಗಬಹುದು, ನಾ ಸಿಗೂದಿಲ್ಲ” ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ಆ ಗೋದಾಮಿಗೆ ಹೋದವರಿಗೆ ಸಿಟ್ಟೇ ಬರುತ್ತಿರಲಿಲ್ಲ. ನನಗೆ ಅದನ್ನು ಕಂಡರೇ ಮೈ ಉರಿಯುತ್ತಿತ್ತು.

ನಾನು ಕೂತೆ. ಎದ್ದುಹೋದರೆ ಕಸ್ತೂರಕ್ಕನಿಗೆ ಈ ಜನ್ಮದಲ್ಲಿ ಈ ಮನೆಯಿಲ್ಲ. ನಾಳೆ ಮನಸ್ಸು ತಿರುಗಿದರೆ ಪಾಪದ ಹೆಂಗಸು ಎಲ್ಲಿಗೆ ಬರಬೇಕು? ಓಣಿಯ ಹೆಂಗಸರು ಕಿಟಕಿಯಿಂದ ನೀರು, ಅವಲಕ್ಕಿ ಕೊಟ್ಟರು. “ಒಂದ ತಾಸು ನೀವ್ಯಾರಾದ್ರೂ ಒಳಗ ಕುಂದರ್ರಿ, ನಾ ಹೋಗಿ ಅಕ್ಕಾರ ಕೂಡ ಮಾತಾಡಿ ಬರ್ತೇನಿ” ಎಂದರೆ ಒಬ್ಬರೂ ಒಪ್ಪಲಿಲ್ಲ. ಗೋದಾಮು ಸೇರಿದವರ ಮನೆಯಲ್ಲಿ ಕೂತರೆ ಆ ಹುಚ್ಚು ತಮಗೂ ಅಂಟೀತೆಂಬ ಭಯ. ಮರದ ಕೆಳಗೆ ನಿಂತು ಮಿರ್ಚಿ ತಿನ್ನುವಾಗ ಇವರಿಗೆ ಈ ಭಯ ಇರಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಧ್ಯಾಹ್ನ ಮುದುಕಪ್ಪ ಬಂದ. ಮನೆಯಲ್ಲೇ ಕೂತು ಹಗ್ಗದ ಹೊರಸು-ಮಂಚ ಹೆಣೆಯುವವನು ಅವನು, ಮನೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಕೈಯಲ್ಲಿ ರೊಟ್ಟಿಯ ಗಂಟು. “ಅವಲಕ್ಕಿ ತಿಂದ ಎಷ್ಟ ದಿನ ಇರ್ತಿ? ನಾನ ಬಡದೀನಿ ರೊಟ್ಟಿ. ಒಂಚೂರು ದಪ್ಪ ಆಗ್ಯಾವ” ಎಂದ. ಅವನು ರೊಟ್ಟಿ ಬಡಿದದ್ದನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ನನಗೆ ಖುಷಿಯಾಯಿತು. ನಗುತ್ತಲೇ ಕೇಳಿದೆ, “ಮನ್ಯಾಗ ಯಾರನ್ನ ಕುಂದ್ರಿಸಿ ಬಂದಿ?”

ಅವನು ನನ್ನ ಮುಖ ನೋಡಿದ. ತಾನು ಬಂದ ದಾರಿಯನ್ನು ನೋಡಿದ. ಇಷ್ಟು ವರ್ಷ ಅವನು ಯಾವಾಗ ಹೊರಗೆ ಕಾಲಿಟ್ಟರೂ ಒಳಗೆ ನಾನಿರುತ್ತಿದ್ದೆ. ಆ ರೂಢಿಯಲ್ಲೇ ಎದ್ದು ಬಂದಿದ್ದ. ಹೆಂಡತಿ ಹಸಿದಿದ್ದಾಳೆ ಅನ್ನುವುದೊಂದೇ ಅವನ ತಲೆಯಲ್ಲಿ ಇತ್ತು. ಗಂಟು ಕೈಯಿಂದ ಜಾರಿ ಕಟ್ಟೆಯ ಮೇಲೆ ಬಿತ್ತು. “ಕಲ್ಲೀ” ಎಂದ. ನಮ್ಮ ಮನೆ ಮುನಿದಿತ್ತು. ಅರ್ಧ ಹೆಣೆದ ಹೊರಸು, ಮಗಳ ಬಾಣಂತನಕ್ಕೆಂದು ಕೂಡಿಟ್ಟಿದ್ದ ಹಳೆಯ ಸೀರೆಗಳು, ನನ್ನ ಅವ್ವನ ಬೀಸುಕಲ್ಲು, ಇನ್ನು ಎಲ್ಲವನ್ನೂ ಕಿಟಕಿಯಿಂದ ನೋಡಬೇಕು. ನಾನು ಹೊಸ್ತಿಲ ಒಳಗೆ ಕುಕ್ಕರುಗಾಲಲ್ಲಿ ಕೂತು ಅತ್ತೆ. ಅವನು ಹೊರಗೆ ನಿಂತು ಅತ್ತ. ಬೈಯೋಣವೆಂದರೆ ದಪ್ಪ ರೊಟ್ಟಿ ಬಡಿದುಕೊಂಡು ಬಂದವನನ್ನು ಏನೆಂದು ಬೈಯಲಿ? “ಬಾ ಒಳಗ, ಬಿಸಲಾಗ ನಿಲ್ಲಬ್ಯಾಡ” ಎಂದೆ. ಒಂದೇ ಕರೆಗೆ ಬಂದ.

ರೊಟ್ಟಿ ತಿನ್ನುವಾಗ ನನಗೆ ಹೊಳೆಯಿತು. ಈಗ ಈ ಮನೆಯಲ್ಲಿ ಇಬ್ಬರಿದ್ದೇವೆ, ಒಬ್ಬರು ಹೊರಗೆ ಹೋಗಬಹುದು. ಮುಖ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಸೀದಾ ಗೋದಾಮಿಗೆ ನಡೆದೆ.

ಬಾಗಿಲಿಗೆ ನಾನಿನ್ನೂ ಹತ್ತು ಮಾರು ದೂರವಿರುವಾಗಲೇ ಒಳಗಿನಿಂದ ಎಲ್ಲರೂ, “ಬಾ, ಕಲ್ಲವ್ವ, ಬಾ” ಎಂದರು. ನಮ್ಮ ಮನೆಯ ಸುದ್ದಿ ಆಗಲೇ ಮುಟ್ಟಿತ್ತು. ಅಣ್ಣಾರು ಬಾಗಿಲಿಗೆ ಬಂದು, “ಒಂದ ಹೊಸ್ತಿಲ ಹ್ವಾದ್ರ ಹೋತು ತಾಯಿ. ಅಲ್ಲೆ ಕಾಯೂದ ಇತ್ತು, ಕರಿಯೂದ ಇತ್ತು. ಇಲ್ಲೆ ಬರೀ ಇರೂದು” ಎಂದ. ಸುಳ್ಳು ಹೇಳುವುದಿಲ್ಲ, ನನ್ನ ಬಲಗಾಲು ಎದ್ದಿತು. ದಣಿದಿದ್ದೆ. ಮನೆ ಹೋಗಿತ್ತು. ಅಷ್ಟೊಂದು ಜನ ನಾನು ಬೇಕೆಂದು ಕರೆಯುತ್ತಿದ್ದರು, ನಿಜವಾಗಿಯೇ ಕರೆಯುತ್ತಿದ್ದರು. ತಲೆಯಿಲ್ಲದವರು ಮಾತ್ರ ಹೋಗುತ್ತಾರೆ ಅನ್ನುವವರು ಅಂಥ ಒಂದು ಮಧ್ಯಾಹ್ನ ಅಲ್ಲಿ ಹೋಗಿ ನಿಂತು ನೋಡಬೇಕು. ಎದ್ದ ಕಾಲನ್ನು ನಾನು ಕೆಳಗಿಟ್ಟೆ. ಹಿಂದೆ ಮುದುಕಪ್ಪ ನನಗಾಗಿ ಕಾಯುತ್ತಿದ್ದ, ಅದಕ್ಕೇ ಇಟ್ಟೆ. “ನಾ ಒಳಗ ಬರಾಕ ಬಂದಿಲ್ಲ. ಕಸ್ತೂರಕ್ಕಾರನ್ನ ಹೊರಗ ಕರೀರಿ” ಎಂದೆ.

ಕಸ್ತೂರಕ್ಕ ಬಾಗಿಲ ಪಕ್ಕದಲ್ಲೇ ಒಂದು ಚಾಪೆಯ ಮೇಲೆ ಕೂತಿದ್ದಳು. ಮುಖ ತುಂಬಿಕೊಂಡಿತ್ತು, ಕಣ್ಣು ಹೊಳೆಯುತ್ತಿದ್ದವು. ನಾನು ಅತ್ತು ಕೆಂಪಾದ ಮೂಗು ಹೊತ್ತು ನಿಂತಿದ್ದೆ. “ಇಲ್ಲಿ ಹೊಸದಾಗಿ ಬಂದಾವ್ರನ್ನ ಬಾಗಲದಾಗ ಕುಂದ್ರಸ್ತಾರ, ಕಲ್ಲವ್ವ. ಬಂದಾವ್ರನ್ನ ನಾವ ಕರೀಬೇಕು. ನಿನ್ನೆ ನಾ ‘ಬಾ’ ಅಂದದ್ದಕ್ಕ ಒಂದ ಹುಡುಗಿ ಕಾಲ ಎತ್ತಿ ಒಳಗ ಬಂದ್ಲು. ಹಂಗ ಅಳಕೋತ ಬಂದ ನನ್ನ ಬಾಜೂಕ ಕುಂತ್ಲು” ಎಂದಳು. “ನೀವು ಮೈಕಿನ್ಯಾಗ ಅಂದ್ರ ಇಡೀ ಊರ ಕೇಳತೈತಲ್ರಿ ಅಕ್ಕಾರ” ಎಂದೆ. ಆಕೆ ನಕ್ಕಳು. “ನಾ ಕೂಗಿದ್ರೂ ಬಸ್ಸು ಬರ್ತೈತಿ, ಕೂಗದಿದ್ರೂ ಬರ್ತೈತಿ. ನನ್ನ ದನಿ ಕೇಳಿದಾವ್ರೆಲ್ಲಾ ಊರ ಬಿಟ್ಟ ಹೋಗಾವ್ರು.”

“ದಿನಾ ಮುಂಜಾನೆ ನನ್ನ ಒಳಗ ಕರದಾವ್ರು ಯಾರ್ರಿ ಹಂಗಾದ್ರ?” ಎಂದು ಕೇಳಿದೆ. “ಅದು ನಾ ಹೊರಗ ಹೋಗಾಕ ಕರೀತಿದ್ದದ್ದು. ನನ್ನ ಜೋಡಿ ಇರಾಕ ಯಾರನ್ನೂ ಆ ಮನಿಗೆ ಕರದಿಲ್ಲ, ಕಲ್ಲವ್ವ. ನೀನೂ ಸಂಜೀಕ ನನ್ನ ಒಳಗ ಕರದ ಕೂಡ್ಲೆ ಚಪ್ಪಲ ಮೆಟ್ಟಿ ಹೋಗ್ತಿದ್ದಿ” ಎಂದಳು. ನನ್ನ ಗಂಟಲಿನ ಬಗ್ಗೆ ನನಗೆ ಎಷ್ಟು ಹೆಮ್ಮೆ! ಒಬ್ಬರು ನನ್ನ ಮಾತಿಗೆ ಒಳಗೆ ಬಂದರೆ ದಿನವೆಲ್ಲ ಎದೆ ಉಬ್ಬಿರುತ್ತದೆ. ಅಂಥ ಒಂದು ಹೆಮ್ಮೆ ಈಕೆಗೂ ಬೇಕಿತ್ತು. ಊರಲ್ಲಿ ಯಾರೂ ಕೊಡಲಿಲ್ಲ, ಗೋದಾಮಿನವರು ಕೊಟ್ಟರು. ಮದ್ದೂ ಇಲ್ಲ ಮಾಟವೂ ಇಲ್ಲ. “ನಾಳೆ ನಾನ ಬಂದ ಮನಿ ಖಾಲಿ ಮಾಡ್ತೇನಿ. ನೀವಿಬ್ಬರೂ ನನ್ನ ಕೂಡ ಬಂದ ಬಿಡ್ರಿ” ಎಂದು ಆಕೆ ಒಳಗೆ ಸರಿದಳು.

ಮಾರನೆಯ ಬೆಳಿಗ್ಗೆ ಕಸ್ತೂರಕ್ಕ ಬಂದಳು. ಜೊತೆಗೆ ಗದಿಗೆಪ್ಪ, ಅಣ್ಣಾರು, ಗೋದಾಮಿನ ಇಪ್ಪತ್ತು ಮೂವತ್ತು ಮಂದಿ. ಹಿಂದೆ ನೋಡಲು ಬಂದ ಊರು. ಗಿರ್ಮಿಟ್ಟಿನ ಗಾಡಿಯೂ ಬಂದಿತ್ತು. ಕಸ್ತೂರಕ್ಕ ಕಟ್ಟೆ ಹತ್ತಿ ಹೊಸ್ತಿಲ ಮುಂದೆ ನಿಂತು, “ಒಮ್ಮಿ ಒಳಗ ಕರಿ, ಕಲ್ಲವ್ವ. ಇದ ಕಡೀ ಸಲ, ಮನಿ ನೋಡಿ ಬಿಡ್ತೇನಿ. ಕೂಲಿಗೆ ಕರೀತಿದ್ದಿ, ಇವತ್ತ ಪುಕ್ಕಟೆ ಕರಿ” ಎಂದಳು. ನನಗೆ ಮೈಯೆಲ್ಲ ಬೆಂಕಿಯಾಯಿತು. “ಕೂಲಿಗೆ? ಅಕ್ಕಾರ, ಕೂಲಿಗೆ ಕರದ್ರ ಈ ಹೊಸ್ತಿಲ ಬಿಡ್ತೈತೇನ್ರಿ? ನೀವ ಹುಟ್ಟಿದ ಊರಿದು, ನಿಮಗ ನಾ ಹೇಳಿಕೊಡ್ಬೇಕೇನು? ನಾ ಕುಂತದ್ದಕ್ಕ ಕೂಲಿ ಕೊಟ್ಟೀರಿ. ಕರದದ್ದಕ್ಕ ಯಾವಾಗ ಕೊಟ್ಟೀರಿ? ಬರ್ರಿ ಒಳಗ!” ಎಂದು ಕೂಗಿದೆ. ಅಷ್ಟು ಸಿಟ್ಟಿನಲ್ಲಿ ಕರೆದರೂ ಆಕೆಯ ಕಾಲು ಎಂದಿನಂತೆ ಎದ್ದು ಒಳಗೆ ಬಂತು. ಆಕೆ ತನ್ನ ಕಾಲನ್ನೇ ನೋಡುತ್ತಾ ನಿಂತಳು.

ನಾನು ಹಿಂದಿನ ದಿನವೇ ನಿರ್ಧಾರ ಮಾಡಿದ್ದೆ. ಮುದುಕಪ್ಪನಿಗೂ ಹೇಳಿದ್ದೆ. ಅವನು, “ಆಕಿ ಕರೀಲಿಲ್ಲಂದ್ರ?” ಎಂದು ಕೇಳಿದ್ದ. “ಇಬ್ಬರೂ ಕಟ್ಟಿ ಮ್ಯಾಲ ಇರೂಣು” ಎಂದಿದ್ದೆ. ಈಗ ಅವನ ಕೈ ಹಿಡಿದೆ. ಇಬ್ಬರೂ ಕಸ್ತೂರಕ್ಕನನ್ನು ದಾಟಿ ಹೊರಗೆ ಬಂದು ಕಟ್ಟೆಯ ಮೇಲೆ ನಿಂತೆವು. ಒಳಗೆ ಆಕೆ ಒಬ್ಬಳೇ ಉಳಿದಳು. “ಅಕ್ಕಾರ, ನಮ್ಮ ಮನಿ ಮುನದೈತಿ. ಈ ಊರಾಗ ನಮಗ ಇನ್ನ ಯಾವ ಹೊಸ್ತಿಲಾನೂ ಇಲ್ಲ. ಗೋದಾಮಿಗೆ ನಾವು ಬರೂದಿಲ್ಲ. ನೀವು ಹೊರಗ ಬಂದ್ರ ನಾವ ಬೀದಿ ಪಾಲು. ಕರದ್ರ ನಿಮ್ಮ ಜೋಡಿ ಇರ್ತೇವಿ. ಸಂಜೀಕ ಚಪ್ಪಲ ಮೆಟ್ಟಿ ಹೋಗೂದಿಲ್ಲ” ಎಂದೆ. ಧೈರ್ಯದಿಂದ ಹೇಳಿದಂತೆ ಕಂಡಿರಬೇಕು. ಮುದುಕಪ್ಪನ ಕೈಯನ್ನು ಮಾತ್ರ ನಾನು ಬಿಡಲಿಲ್ಲ.

ಬೀದಿಯಿಂದ ಗೋದಾಮಿನವರೆಲ್ಲ, “ಬಾ, ಕಸ್ತೂರಿ, ಬಾ” ಎಂದು ಶುರುಮಾಡಿದರು. ಹೊರಗಿನಿಂದ ಕರೆಯುವುದನ್ನು ನಮ್ಮೂರು ಅವತ್ತೇ ಮೊದಲು ಕೇಳಿದ್ದು. ಕಸ್ತೂರಕ್ಕ ಅವರನ್ನು ನೋಡಿದಳು, ನಮ್ಮನ್ನು ನೋಡಿದಳು. ಗಂಟಲು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನ ಆ ನುಣುಪಾದ ದನಿಯಲ್ಲಿ, “ಕಲ್ಲವ್ವ ಮತ್ತು ಮುದುಕಪ್ಪನವರು ದಯವಿಟ್ಟು ಒಳಗೆ ಬರಬೇಕು” ಎಂದಳು. ನಾನು ಕಾಲೆತ್ತಲು ನೋಡಿದೆ. ಏಳಲಿಲ್ಲ. ಮುದುಕಪ್ಪನದೂ ಏಳಲಿಲ್ಲ. ಬೇವಿನ ಮರದ ಕೆಳಗಿನ ಆ ಊರು ಈಗ ಕಟ್ಟೆಯ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು, ಯಾರೂ ಏನೂ ತಿನ್ನುತ್ತಿರಲಿಲ್ಲ. ಕಸ್ತೂರಕ್ಕನ ಮುಖ ಬಿಳಿಚಿಕೊಂಡಿತು. “ನನಗ ಬರೂದಿಲ್ಲ ಕಲ್ಲವ್ವ. ನನಗ ಕರಿಯಾಕ ಬರೂದಿಲ್ಲ” ಎಂದಳು. ಅಣ್ಣಾರು ಮೆತ್ತಗೆ, “ಬಿಡು ತಾಯಿ, ಯಾಕ ತ್ರಾಸು? ಹೊರಗ ಬಾ” ಎಂದ.

ಯಾಕೆ ತ್ರಾಸು ಎಂದು ಅವನು ಅಂದದ್ದೇ ತಡ, ಮುದುಕಪ್ಪ ಕಣ್ಣೊರೆಸಿಕೊಳ್ಳಲು ನನ್ನ ಕೈ ಬಿಟ್ಟ. ಪಾಪ, ಬಿಸಿಲಿಗೆ ತಲೆ ಸುತ್ತಿ ಅವನು ಕಟ್ಟೆಯ ಕಂಬ ಹಿಡಿದುಕೊಂಡ. ಕಸ್ತೂರಕ್ಕ ಅದನ್ನು ನೋಡಿದಳು. ಏನಾಯಿತೋ ಆಕೆಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಒಂದು ದಿನವೂ ಕೇಳಿರದ ಒಡಕು ದನಿಯಲ್ಲಿ ಕಿರುಚಿದಳು: “ಏ ಕಲ್ಲಿ, ಆ ಮನಶಾ ಬೀಳಾಕತ್ತಾನ, ಏನ ನೋಡ್ಕೋತ ನಿಂತಿ? ಹಿಡಕೊಂಡ ಒಳಗ ಬಾ! ಇಬ್ಬರೂ ಬರ್ರಿ! ನೀವ ಹ್ವಾದ್ರ ನಾ ಯಾರ ಜೋಡಿ ಇರ್ಲಿ ಇಲ್ಲೆ?”

ಮುದುಕಪ್ಪನ ಕಾಲು ಎದ್ದಿತು. ಅವನು ಒಳಗೆ ಹೋಗಿ ಧೊಪ್ಪನೆ ಕೂತ, ಆಕೆ ಅವನಿಗೆ ನೀರು ಕೊಟ್ಟಳು. ನನ್ನ ಕಾಲು ಕೂಡ ಹಗುರಾಗಿ ಏಳಲು ಸಿದ್ಧವಾಗಿ ನಿಂತಿತ್ತು, ಆದರೆ ನಾನು ಅದನ್ನು ತಡೆದೆ. ಇಡೀ ಊರು ನೋಡುತ್ತಿತ್ತು. ಇಷ್ಟು ವರ್ಷ ನಾನು ಎಷ್ಟು ಮಂದಿಯನ್ನು ಕರೆದಿದ್ದೇನೆ. ಹೀಗೆ ಗಂಟಲು ಹರಿದುಕೊಂಡು ನನ್ನನ್ನು ಕರೆದವರು ಯಾರಿದ್ದಾರೆ? ಬೀದಿಯ ಕಡೆ ಒಮ್ಮೆ ತಿರುಗಿ, ಎಲ್ಲರಿಗೂ ಕಾಣುವಂತೆ ನೆಟ್ಟಗೆ ನಿಂತೆ. ಆಮೇಲೆ ಬಾಗಿಲ ಕಡೆ ತಿರುಗಿದೆ.

“ಕೇಳಸಲಿಲ್ರಿ ಅಕ್ಕಾರ” ಎಂದೆ. “ಇನ್ನೊಮ್ಮೆ ಕರೀರಿ.”

ಆಕೆ ಇನ್ನೊಮ್ಮೆ ಕರೆದಳು.